ಬಂದ ಊರಿಗೇ ತಿರುಗಿ ಕಳಿಸಬಾರದು

"ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು ಕಣೇ. ಅಮ್ಮನ ಹತ್ರಾನೂ ಬೇಡ, ನಾಳೆ ಕಟ್ಕೊಳ್ಳೋ ಗಂಡನ ಹತ್ರಾನೂ ಬೇಡ. ಮಾತು ಕೊಡು" ಎಂದು ಸತ್ಯವತಿ ಅಂಗೈ ಚಾಚಿದ್ದರು.

ತುಂಗಾಗೆ ಆಗ ಹದಿನೆಂಟು. ಟೆಲಿಫೋನ್ ಆಫೀಸಿನಲ್ಲಿ ಅವಳ ಮೊದಲ ದಿನ. ಗುಟ್ಟು ಬಿಡುವುದಿಲ್ಲ ಎಂದು ಇಲಾಖೆಯ ಕಾಗದಕ್ಕೆ ಅವಳು ಅಷ್ಟು ಹೊತ್ತಿಗಾಗಲೇ ಸಹಿ ಹಾಕಿದ್ದಳು. ಆ ಕಾಗದವನ್ನು ಅವಳೂ ಪೂರ್ತಿ ಓದಿರಲಿಲ್ಲ, ಕೊಟ್ಟವರೂ ಓದಿದಂತೆ ಕಾಣಲಿಲ್ಲ. ಸತ್ಯವತಿಯವರ ಅಂಗೈ ಹಾಗಲ್ಲ. ಬೆಚ್ಚಗಿತ್ತು, ಕಾಯುತ್ತಿತ್ತು.

"ಕೊಟ್ಟೆ ಸತ್ಯಕ್ಕ" ಎಂದು ಅವಳು ತನ್ನ ಕೈ ಇಟ್ಟಿದ್ದಳು.

"ನಾನೊಂದ್ಸಲ ಬಾಯಿ ಬಿಟ್ಟಿದ್ದೆ. ಒಂದು ಮನೆ ಮುರೀತು. ಯಾರ ಮನೆ ಅಂತ ಕೇಳ್ಬೇಡ." ಅಷ್ಟು ಹೇಳಿ, ಅವಳ ತಲೆಗೆ ಹೆಡ್‌ಸೆಟ್ಟು ಸಿಕ್ಕಿಸಿ, ಬೋರ್ಡಿನ ಮುಂದೆ ಕೂರಿಸಿದ್ದರು.

ಆರು ವರ್ಷ ಆ ಮಾತು ನಡೆಯಿತು. ಬೆಂಗಳೂರಿನ ರಾಜಾಜಿನಗರದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅವುಗಳ ಸಲುವಾಗಿಯೇ ತೆರೆದ, ಪರವೂರಿನ ಕರೆಗಳ ಸಣ್ಣ ಟ್ರಂಕ್ ಆಫೀಸು ಅದು. ಸುತ್ತ ಸೈಟಿನ ಕಲ್ಲುಗಳು, ಅವುಗಳ ನಡುವೆ ಇನ್ನೂ ರಾಗಿ ಬೆಳೆಯುತ್ತಿದ್ದ ಹೊಲ. ಒಳಗೆ ಮೂರು ಬೋರ್ಡು, ಮೂವರು ಹುಡುಗಿಯರು, ಅವರ ಬೆನ್ನಹಿಂದೆ ಸೂಪರ್‌ವೈಸರ್ ಸತ್ಯವತಿ. ಯಾವ ಮಿಲ್ಲಿನ ಮಾಲೀಕ ಯಾರಿಗೆ ಬೈದ, ಯಾರ ಮಗಳ ಜಾತಕ ಕೂಡಲಿಲ್ಲ, ಎಲ್ಲವೂ ತುಂಗಾಳ ಎಡಗಿವಿಯಲ್ಲಿ ಬಂದು ಅಲ್ಲೇ ಕರಗುತ್ತಿತ್ತು. ಮನೆಯಲ್ಲಿ ಉಬ್ಬಸದ ಅಮ್ಮ ಕೇಳುವರು, "ಇವತ್ತೇನು ವಿಶೇಷ?" ಅವಳು ಹೇಳುವಳು, "ಹಲೋ ಅಂದೆ, ಹಲೋ ಅಂದ್ರು."

ಚನ್ನಕೇಶವ ಅವಳನ್ನು ಮೆಚ್ಚಿದ್ದೂ ಇದಕ್ಕೇ.

ಅವನು ಟ್ರಾಫಿಕ್ ಗುಮಾಸ್ತ. ಮೂಡಲಪಾಳ್ಯದ ಬೇಸಾಯದ ಮನೆಯವನು, ಮುನಿವೆಂಕಟಪ್ಪನವರ ಮಗ. ದಿನಾ ಸೈಕಲ್ಲಿನಲ್ಲಿ ಬರುವಾಗ ಕಾಲಿಗೆ ಊರಿನ ಕೆಂಪು ಮಣ್ಣು ಹತ್ತಿಸಿಕೊಂಡೇ ಬರುತ್ತಿದ್ದ. ಯಾವ ಊರಿಗೆ ಯಾವ ಹೊತ್ತಿನಲ್ಲಿ ಎಷ್ಟು ಕರೆ ಹೋಗುತ್ತದೆ ಎಂದು ಲೆಕ್ಕ ಇಡುವುದು, ನೇರ ಲೈನು ಕೆಟ್ಟರೆ ಯಾವ ಊರಿನ ಮೇಲೆ ಸುತ್ತಿಸಿ ಕಳಿಸಬೇಕು ಎಂದು ಚಾರ್ಟು ಬರೆಯುವುದು ಅವನ ಕೆಲಸ. ಹುಡುಗಿಯರು ಕರೆಗೊಂದು ಗೀಟು ಹಾಕಬೇಕು. ಅರ್ಧ ಗಂಟೆಗೊಮ್ಮೆ ಅವನು ಬಂದು ಹಾಳೆ ಒಯ್ಯಬೇಕು.

"ತುಂಗಾ ಅವ್ರೇ, ನಿಮ್ಮ ಗೀಟು ಒಂದಾದ್ರೂ ನೆಟ್ಟಗಿದ್ಯಾ? ಎಲ್ಲ ಎಡಕ್ಕೆ ವಾಲಿವೆ."

"ವಾಲಿದ್ರೆ ಲೆಕ್ಕ ಕಮ್ಮಿ ಆಗುತ್ತೇನ್ರೀ?"

"ಇಲ್ಲ. ಆದ್ರೆ ಎಡಗಡೆ ನಾನು ನಿಂತಿದೀನಿ, ಅದಕ್ಕೆ ಕೇಳ್ದೆ."

ಅವಳು ತಿರುಗಿ ನೋಡುತ್ತಿರಲಿಲ್ಲ. ಕತ್ತಿನ ಹಿಂದೆ ಮಾತ್ರ ಸಣ್ಣಗೆ ಕೆಂಪೇರುತ್ತಿತ್ತು. ಅದನ್ನು ಅವನು ನೋಡಿದನೆಂದು ಅವಳಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಹಾಳೆ ಎತ್ತಿಕೊಳ್ಳಲು ಅವನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಒಮ್ಮೆ ಅವನು ಬೇಕೆಂದೇ ಕೆಣಕಿದ. "ಬೆಳಿಗ್ಗೆ ನಮ್ಮ ಜಗನ್ನಾಥ ಸಾಹೇಬ್ರು ಮನೆಗೆ ಫೋನ್ ಮಾಡಿ ಬೈಸ್ಕೊಂಡ್ರಂತೆ, ಹೌದಾ?"

"ನನಗೇನು ಗೊತ್ತು."

"ನಿಮ್ಮ ಬೋರ್ಡಲ್ಲೇ ಹೋಗಿದ್ದು."

"ಹೋಯ್ತು. ಬಂತು. ಅಷ್ಟೆ."

ಅವನು ನಗಲಿಲ್ಲ. ಹಾಳೆ ಕೈಗೆತ್ತಿಕೊಂಡು ಹೇಳಿದ, "ನಿಮ್ಮ ಹತ್ರ ಏನು ಹೇಳಿದ್ರೂ ಅದು ಅಲ್ಲೇ ಇರುತ್ತೆ, ಅಲ್ವಾ? ಹಂಗಾದ್ರೆ ಒಂದು ಹೇಳ್ಬೇಕು. ಆಷಾಢ ಕಳೀಲಿ. ಶ್ರಾವಣದಲ್ಲಿ ನಿಮ್ಮಮ್ಮನ ಹತ್ರ ಬರ್ತೀನಿ. ಜಾತಿ ಬೇರೆ, ಬೈತಾರೆ. ಬೈಸ್ಕೊಳ್ಳೋಕೆ ನಾನು ತಯಾರು."

ಅವಳು ಗೀಟು ಹಾಕಬೇಕಾದ ಕಡೆ ಎರಡು ಗೀಟು ಹಾಕಿದಳು. ಆವತ್ತಿನ ಲೆಕ್ಕದಲ್ಲಿ ಒಂದು ಕರೆ ಹೆಚ್ಚು ಬಂತು. ಅವನು ಅದನ್ನು ತಿದ್ದಲಿಲ್ಲ.

ಆ ಆಷಾಢ ಸುಲಭವಾಗಿ ಕಳೆಯಲಿಲ್ಲ.

ಗಾಳಿಗೆ ಕಂಬ ಉರುಳಿ ಶಿವಮೊಗ್ಗದ ನೇರ ಲೈನು ಸತ್ತಿತ್ತು. ಹಿಂದೆಲ್ಲ ಹೀಗಾದರೆ ಅರಸೀಕೆರೆಯ ಮೇಲೆ ಕಳಿಸುತ್ತಿದ್ದರು. ಬೆಳಿಗ್ಗೆ ಹತ್ತೂವರೆಯ ನೂಕುನುಗ್ಗಲಿನಲ್ಲಿ ಅರಸೀಕೆರೆ ತುಂಬಿಹೋಗುತ್ತದೆ ಎಂದು ಚನ್ನಕೇಶವನ ಲೆಕ್ಕ ತೋರಿಸಿತ್ತು. ಹಾಗಾಗಿ ಆ ಹೊತ್ತಿನಲ್ಲಿ ಮೈಸೂರಿನ ಮೇಲೆ ಸುತ್ತಿಸಬೇಕು ಎಂಬ ಹೊಸ ಚಾರ್ಟು ಹದಿನೈದು ದಿನದ ಹಿಂದೆ ಟೈಪಾಗಿ ಬೋರ್ಡುಗಳ ಮೇಲೆ ಅಂಟಿತ್ತು, ಮೈಸೂರಿನ ಲೈನು ಕೆಟ್ಟರೆ ಬೆಂಗಳೂರಿನ ಮೇಲೆ ಎಂದೂ ಅದರಲ್ಲಿತ್ತು, ಮೈಸೂರಿಗೂ ಒಂದು ಪ್ರತಿ ಹೋಗಿತ್ತು. ಕೆಳಗೆ ಚನ್ನಕೇಶವನ ಸಣ್ಣ ಸಹಿ.

ಹತ್ತೂಮುಕ್ಕಾಲಿಗೆ ಒಂದು ಮಿಲ್ಲಿನ ಆಫೀಸಿನಿಂದ ಮೇಸ್ತ್ರಿ ಜಂಬಣ್ಣ ಎಂಬುವರು ಶಿವಮೊಗ್ಗದ ಆಸ್ಪತ್ರೆಗೆ ಅರ್ಜೆಂಟ್ ಕರೆ ಕೇಳಿದರು. ಹೆರಿಗೆಗೆ ತವರಿಗೆ ಹೋಗಿದ್ದ ಹೆಂಡತಿಗೆ ಆಪರೇಷನ್ ಆಗಬೇಕಿತ್ತು. ಗಂಡ ಒಪ್ಪಿದ ಮಾತು ಬೇಕೆಂದು ಡಾಕ್ಟರು ತಂತಿ ಕೊಟ್ಟಿದ್ದರು.

ತುಂಗಾ ಮೂರನೇ ಬೋರ್ಡಿನಿಂದ ಮೈಸೂರು ಹಿಡಿದಳು. "ಶಿವಮೊಗ್ಗ, ಅರ್ಜೆಂಟ್." ಮೈಸೂರಿನ ಹುಡುಗಿ "ಲೈನಲ್ಲಿರಿ" ಎಂದಳು. ಅಲ್ಲಿಂದ ಮುಂದಿನ ಲೈನೂ ಗಾಳಿಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಬೇರೊಂದು ದನಿ, ನೂರಾರು ಮೈಲಿ ತಂತಿಯಲ್ಲಿ ಸವೆದು ನೂಲಿನಂತಾದ ದನಿ, "ಶಿವಮೊಗ್ಗ ಡೈರೆಕ್ಟ್ ಇಲ್ಲ ಕಣ್ರೀ, ಸುತ್ತಿಸಿ ಹಾಕ್ತೀನಿ, ಕಾಯಿರಿ" ಎಂದಿತು. ತುಂಗಾ ಕಾದಳು. ಐದು ನಿಮಿಷಕ್ಕೊಮ್ಮೆ "ಏನಾಯ್ತ್ರೀ?" ಎಂದಳು. "ಕೇಳ್ತಾ ಇದೀನಿ, ಮೈಸೂರೋರು ಕಾಯಿ ಅಂತಾರೆ" ಎಂದಿತು ದನಿ. ಜಂಬಣ್ಣನವರಿಗೆ ತುಂಗಾ ಅದನ್ನೇ ಹೇಳಿದಳು. "ಕಾಯ್ತೀನಮ್ಮ" ಎಂದರು ಅವರು, ಪ್ರತಿ ಸಲವೂ.

ಮೂವತ್ತೆಂಟನೇ ನಿಮಿಷಕ್ಕೆ ಆ ದನಿ ಸೀನಿತು.

ಹೆಡ್‌ಸೆಟ್ಟಿದ್ದ ಎಡಗಿವಿಯಲ್ಲಿ ಸೀನು ಕೇಳಿಸಿತು. ಕೋಣೆಯ ಗದ್ದಲ ಸೀಳಿಕೊಂಡು ಬಲಗಿವಿಯಲ್ಲೂ ಕೇಳಿಸಿತು. ತುಂಗಾ ಮೆಲ್ಲಗೆ ತಿರುಗಿದಳು. ಎರಡು ಕುರ್ಚಿ ಆಚೆ, ಒಂದನೇ ಬೋರ್ಡಿನಲ್ಲಿ, ನೆಗಡಿಯ ಜಯದೇವಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮೈಸೂರಿನವಳು ಚಾರ್ಟಿನ ಪ್ರಕಾರ ಕರೆಯನ್ನು ಬೆಂಗಳೂರಿಗೇ ತಿರುಗಿಸಿದ್ದಳು. ಅದನ್ನು ಜಯದೇವಿ ಹಿಡಿದು, ಅದೇ ಚಾರ್ಟಿನ ಪ್ರಕಾರ, ಮತ್ತೆ ಮೈಸೂರಿಗೆ ಹಾಕಿದ್ದಳು. ಅಲ್ಲಿಂದ ಅದು ಮತ್ತೆ ಇಲ್ಲಿಗೇ ಬರಲು ಸಾಲಿನಲ್ಲಿ ನಿಂತಿತ್ತು. ಇದ್ದ ಮೈಸೂರು ಲೈನುಗಳನ್ನೆಲ್ಲ ಒಂದೇ ಕರೆ ನುಂಗಿ ಕೂತಿತ್ತು. ಒಂದೇ ಕೋಣೆಯಲ್ಲಿ ಕೂತ ಇಬ್ಬರು ಹುಡುಗಿಯರು ಮೈಸೂರಿನ ಮೂಲಕ ಒಬ್ಬರಿಗೊಬ್ಬರು "ಕಾಯಿರಿ" ಎನ್ನುತ್ತಿದ್ದರು.

ಅರಸೀಕೆರೆಯ ಮೇಲೆ ಎರಡೇ ನಿಮಿಷಕ್ಕೆ ಆಸ್ಪತ್ರೆ ಸಿಕ್ಕಿತು. ಮಾತು ನಡೆಯುತ್ತಿದೆಯೋ ಇಲ್ಲವೋ ಎಂದು ಆಪರೇಟರು ನಡುವೆ ಕಿವಿಗೊಡಬೇಕು, ಅದು ನಿಯಮ. ತುಂಗಾ ಕಿವಿಗೊಟ್ಟಳು. ಆ ಕಡೆ ಯಾರೋ "ಹಲೋ, ಕೇಳಿಸ್ತೇನ್ರೀ? ಅವ್ರು ಹೋಗಿ ಈಗ ಹತ್ತು ನಿಮಿಷ ಆಯ್ತು" ಎನ್ನುತ್ತಿದ್ದರು. ಈ ಕಡೆ ಜಂಬಣ್ಣನವರ ಉಸಿರು ಮಾತ್ರ ಇತ್ತು. ಒಂದು ಕರೆಗೆ ಮೂರು ನಿಮಿಷದ ಲೆಕ್ಕ, ಅದು ಮುಗಿದರೂ ಅವಳು ಲೈನು ಕಡಿಯಲಿಲ್ಲ.

ಚನ್ನಕೇಶವ ಆ ದಿನದಿಂದ ಗೀಟುಗಳ ಬಗ್ಗೆ ಮಾತೇ ಆಡಲಿಲ್ಲ.

"ಒಂದು ಸಾಲು ಬರೀಬೇಕಾಗಿತ್ತು" ಎಂದ ಸತ್ಯವತಿಯವರ ಮುಂದೆ, ಗೋಡೆ ನೋಡುತ್ತ. "ಕರೆ ಯಾವ ಊರಿಂದ ಬಂತೋ ಆ ಊರಿಗೇ ತಿರುಗಿ ಕಳಿಸಬಾರದು ಅಂತ. ನಾಲ್ಕು ಸಲ ತಿದ್ದಿ ಬರ್ದೆ. ಕೊನೇ ಸಲ ಬಿಟ್ಬಿಟ್ಟೆ ಅನ್ಸುತ್ತೆ. ಟೈಪಾದ್ಮೇಲೂ ನೋಡ್ದೆ, ಕಣ್ಣಿಗೆ ಬೀಳ್ಲಿಲ್ಲ. ನಿದ್ದೆಗಣ್ಣಲ್ಲಿ ಸಹಿ ಹಾಕ್ದೆ."

ಅವನು ಜಂಬಣ್ಣನವರ ಮನೆಗೂ ಹೋಗಿಬಂದ. ಅವರು ಕೂರಿಸಿ ಕಾಫಿ ಕೊಟ್ಟರಂತೆ. ಇವನಿಗೆ ಲೋಟ ಎತ್ತಲಾಗಲಿಲ್ಲವಂತೆ.

ವಿಚಾರಣೆಗೆ ಮೇಲಿನ ಆಫೀಸಿನಿಂದ ಸೋಮವಾರ ಒಬ್ಬರು ಬರುವವರಿದ್ದರು. ಅದಕ್ಕೆ ಮುಂಚೆ, ಶನಿವಾರ ಬೆಳಿಗ್ಗೆ, 'ತಪ್ಪು ನನ್ನದೇ' ಎಂದು ಚನ್ನಕೇಶವ ಬರೆದುಕೊಡಬೇಕು ಎಂದು ಆಫೀಸಿನ ಮುಖ್ಯಸ್ಥ ಜಗನ್ನಾಥ ಹೇಳಿದ್ದರು. ಮೃದುವಾಗಿಯೇ ಹೇಳಿದ್ದರು. "ಬರ್ದುಕೊಡಪ್ಪ, ಮನಸ್ಸೂ ಹಗುರ ಆಗುತ್ತೆ."

ಶುಕ್ರವಾರ ಮಧ್ಯಾಹ್ನ ನಾಲ್ಕೂಕಾಲಿಗೆ ಜಗನ್ನಾಥ ಮದರಾಸಿಗೆ ಕರೆ ಕೇಳಿದರು. ಆ ಕಡೆ ಅವರ ಭಾವ ಚಕ್ರಪಾಣಿ, ಇಲಾಖೆಯ ದೊಡ್ಡ ಆಫೀಸಿನಲ್ಲಿ ಇದ್ದವರು. ಕರೆ ತುಂಗಾಳ ಬೋರ್ಡಿಗೆ ಬಂತು. ಮೂರು ನಿಮಿಷದ ಹೊತ್ತಿಗೆ ಅವಳು ಕಿವಿಗೊಟ್ಟಳು.

"...ಆ ಸಾಲು ಹುಡುಗ ಬರ್ದೇ ಇದ್ದ ಭಾವ. ನಾನೇ ಕೆಂಪು ಪೆನ್ಸಿಲಲ್ಲಿ ಹೊಡ್ದುಹಾಕಿದ್ದು. ಪ್ರತಿ ಕರೆಗೂ ಯಾವೂರು ಯಾವೂರು ಅಂತ ಕೇಳ್ತಾ ಕೂತ್ರೆ ಅರ್ಧ ನಿಮಿಷ ದಂಡ, ನಮ್ಮ ಅಂಕಿ ಅಂಶ ಚೆನ್ನಾಗಿ ಕಾಣಲ್ಲ. ಈಗ ಅವ್ನಿಗೆ ತಾನೇ ಮರ್ತೆ ಅನ್ಸಿಬಿಟ್ಟಿದೆ. ನಾಳೆ ಸಹಿ ಹಾಕ್ತಾನೆ. ಡ್ರಾಫ್ಟು ನನ್ನ ಬೀರುವಲ್ಲೇ ಇದೆ, ಸೋಮವಾರದೊಳಗೆ ಇರಲ್ಲ."

"ತ್ರೀ ಮಿನಿಟ್ಸ್ ಸಾರ್" ಎಂದಳು ತುಂಗಾ. ದನಿ ನಡುಗಲಿಲ್ಲ. ಆರು ವರ್ಷದ ಅಭ್ಯಾಸ ಅದು. "ಮುಂದುವರಿಸ್ತೀರಾ?"

"ಸಾಕಮ್ಮ."

ಅವಳು ಪ್ಲಗ್ಗು ಕಿತ್ತಳು. ಗೀಟು ಹಾಕಿದಳು. ಕೈ ಮಾತ್ರ ಪೆನ್ಸಿಲನ್ನು ಬಿಡಲಿಲ್ಲ.

ಹೆಡ್‌ಸೆಟ್ಟು ಇಳಿಸಿ ಸತ್ಯವತಿಯವರ ಮೇಜಿಗೆ ಹೋದಳು. "ಸತ್ಯಕ್ಕ, ಒಂದ್ವೇಳೆ ಲೈನಲ್ಲಿ ಏನಾದ್ರೂ..."

"ಹೇಳ್ಬೇಡ." ಸತ್ಯವತಿ ತಲೆ ಎತ್ತಲಿಲ್ಲ. "ಹೇಳಿದ್ರೆ ನಾನು ರಿಪೋರ್ಟು ಬರೀಬೇಕಾಗುತ್ತೆ. ನಿನ್ನ ಕೆಲಸ ಹೋಗುತ್ತೆ. ನಿಮ್ಮಮ್ಮನ ಔಷಧಿಗೆ ಯಾರಿದಾರೆ? ಹೋಗಿ ಕೂತ್ಕೋ."

"ನ್ಯಾಯ ಅಂತ ಒಂದಿಲ್ವಾ ಸತ್ಯಕ್ಕ?"

"ನಾನೂ ನ್ಯಾಯ ಅಂದ್ಕೊಂಡೇ ಬಾಯಿ ಬಿಟ್ಟಿದ್ದು ಕಣೇ ಆವತ್ತು."

ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಚನ್ನಕೇಶವ ಹೊಂಗೆ ಮರದ ಕೆಳಗೆ ಸೈಕಲ್ಲಿನ ಚೈನು ಸರಿಮಾಡುತ್ತಿದ್ದ. ಒಂದು ವಾರದಲ್ಲಿ ಕೆನ್ನೆ ಇಳಿದುಹೋಗಿತ್ತು. ತುಂಗಾ ಹತ್ತಿರ ನಿಂತಳು. ಹೇಳದೆಯೇ ಹೇಳುವ ದಾರಿಯೊಂದು ಇರಬೇಕು ಎಂದು ಬೋರ್ಡಿನ ಮುಂದೆ ಕೂತಲ್ಲೇ ಯೋಚಿಸಿದ್ದಳು. ನೇರ ಲೈನಿಲ್ಲದಿದ್ದರೆ ಸುತ್ತಿಸಬೇಕು ಎಂದು ಇವನೇ ಅಲ್ಲವೇ ಕಲಿಸಿದ್ದು.

"ನಾಳೆ ಸಹಿ ಹಾಕ್ಬೇಡಿ."

"ಯಾಕೆ?"

"ಬೇಡ ಅಷ್ಟೆ. ಸೋಮವಾರದ ತನಕ ಕಾಯಿರಿ. ನಿಮ್ಮ ಹಳೇ ಕಾಗದ ಎಲ್ಲ ಒಂದ್ಸಲ ನೋಡ್ಬೇಕು ಅಂತ ಕೇಳಿ."

"ಕಾಯಿರಿ." ಅವನು ಆ ಪದವನ್ನು ಬಾಯಲ್ಲಿಟ್ಟು ನೋಡಿದ. "ಜಂಬಣ್ಣನವ್ರಿಗೂ ಅದನ್ನೇ ಹೇಳಿದ್ವಿ."

"ನಾನು ಹೇಳ್ತಿರೋದು ಅದಲ್ಲ ರೀ."

"ಮತ್ತೇನು? ಕೆಲಸ ಹೋದ್ರೆ ನಿಮ್ಮಮ್ಮನ ಮುಂದೆ ಯಾವ ಮುಖ ಇಟ್ಕೊಂಡು ಬರ್ತಾನೆ ಅಂತಾನಾ?" ಅವನ ಕೈಗೆ ಎಣ್ಣೆ ಮೆತ್ತಿತ್ತು, ಅದನ್ನು ಪಂಚೆಗೇ ಒರೆಸಿಕೊಂಡ. "ಒಂದು ಹೆಂಗಸು ಸತ್ತಿದಾಳೆ. ಮಗೂನೂ ಉಳೀಲಿಲ್ಲ. ಕಾಗದ ಹುಡುಕು, ತಪ್ಪಿಸ್ಕೋ ಅಂತೀರಲ್ಲ. ನೀವು ಹಿಂಗೆ ಅಂದ್ಕೊಂಡಿರ್ಲಿಲ್ಲ ನಾನು."

ಬಾಯಿಗೆ ಬಂದ ಮಾತು ಹಲ್ಲಿನ ಹಿಂದೆ ನಿಂತಿತು. ಸತ್ಯಕ್ಕನ ಅಂಗೈ. ಅಮ್ಮನ ಉಬ್ಬಸ. ಇವನು ಮೆಚ್ಚಿದ್ದೇ ಈ ಮೌನವನ್ನು.

"ನನ್ನ ನಂಬೋಕಾಗಲ್ವಾ?" ಎಂದಳು.

"ಕಾರಣ ಹೇಳಿ, ನಂಬ್ತೀನಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಹೋಗ್ಲಿ ಬಿಡಿ" ಎಂದ ಅವನು, ಈಗ ಸೋತ ದನಿಯಲ್ಲಿ. "ಶ್ರಾವಣದ ಮಾತೂ ಇಲ್ಲಿಗೇ ಬಿಡೋಣ. ನನ್ನ ಕೈಲಿ ಒಂದು ಮನೆ ಕೆಟ್ಟಿದೆ. ಇನ್ನೊಂದು ಮನೆ ಕಟ್ಟೋಕೆ ನನಗೆ ಯೋಗ್ಯತೆ ಇಲ್ಲ."

ಸೈಕಲ್ಲು ಮಾಗಡಿ ರಸ್ತೆಯ ಕಡೆಗೆ ಇಳಿಯಿತು. ಅವನು ಹತ್ತಲಿಲ್ಲ, ತಳ್ಳಿಕೊಂಡೇ ಹೋದ. ರಾಗಿ ಪೈರಿನ ನಡುವೆ ಅವನ ಬಿಳಿ ಅಂಗಿ ಮರೆಯಾಗುವ ತನಕ ತುಂಗಾ ನಿಂತಳು. ಕರೆದರೆ ಕೇಳಿಸುವಷ್ಟು ದೂರವೇ ಇತ್ತು.

ಶನಿವಾರ ಹತ್ತೂವರೆ. ಬೋರ್ಡಿನ ತುಂಬ ಕರೆಗಳು, ದೀಪದ ಮೇಲೆ ದೀಪ. ಅವಳ ಬೋರ್ಡಿನ ಎದುರಿಗೇ ಜಗನ್ನಾಥರ ಕೋಣೆಯ ಗಾಜಿನ ಬಾಗಿಲು. ಒಳಗೆ ಚನ್ನಕೇಶವ ಕೂತಿದ್ದ. ಹೊಸ ಅಂಗಿ ಹಾಕಿದ್ದ, ಮದುವೆಗೆ ಬಂದವನ ಹಾಗೆ. ಶಿಕ್ಷೆಗೆ ಹೋಗುವಾಗ ಹೊಸ ಬಟ್ಟೆ ಹಾಕಿಕೊಂಡು ಹೋಗಬೇಕು ಎಂದು ಇವನಿಗೆ ಯಾರು ಹೇಳಿಕೊಟ್ಟರು?

ಜಗನ್ನಾಥ ಕಾಗದ ತಿರುಗಿಸಿ ಇಟ್ಟರು. ಅವನು ಪೆನ್ನಿನ ಮುಚ್ಚಳ ತೆಗೆದ.

ಕೆಲಸ ಹೋದರೆ ಅವನು ಬದುಕಿಯಾನು. ಹೊಲ ಇದೆ, ಅಪ್ಪ ಇದ್ದಾರೆ. ಆದರೆ ಒಬ್ಬಳನ್ನು ಕೊಂದೆ ಎಂದು ನಂಬಿಕೊಂಡು ಅವನು ನಲವತ್ತು ವರ್ಷ ರಾತ್ರಿ ಎಚ್ಚರವಾಗಿರುತ್ತಾನೆ. ಕೊಂದಿಲ್ಲ ಎಂದು ಗೊತ್ತಿರುವವಳು ಅಷ್ಟೂ ವರ್ಷ ಎಲ್ಲೋ ಒಂದು ಕಡೆ ಸುಮ್ಮನೆ ಇರುತ್ತಾಳೆ.

ತುಂಗಾ ಹೆಡ್‌ಸೆಟ್ಟು ತೆಗೆದಿಟ್ಟಳು. ಆ ಹೊತ್ತಿನಲ್ಲಿ ಯಾರೂ ಬೋರ್ಡು ಬಿಟ್ಟು ಎದ್ದದ್ದಿಲ್ಲ. "ಏ, ಎಲ್ಲಿಗೇ?" ಎಂದಳು ಜಯದೇವಿ. ಬೆನ್ನಹಿಂದೆ ಸತ್ಯವತಿಯವರ ಕುರ್ಚಿ ಸದ್ದು ಮಾಡಿತು.

ಬಾಗಿಲು ತೆಗೆದು, ಸಾಹೇಬರ ಕಡೆ ನೋಡದೆ, ಅವಳು ಅವನಿಗೆ ಹೇಳಿದಳು.

"ಆ ಸಾಲು ನೀವು ಬರ್ದಿದ್ರಿ. ಮರ್ತಿರ್ಲಿಲ್ಲ. ಸಾಹೇಬ್ರು ಕೆಂಪು ಪೆನ್ಸಿಲಲ್ಲಿ ಹೊಡ್ದುಹಾಕಿದ್ರು. ನಿಮ್ಮ ಡ್ರಾಫ್ಟು ಈ ಬೀರುವಲ್ಲಿದೆ."

ಪೆನ್ನು ಕಾಗದದ ಮೇಲೆ ನಿಂತಿತು. ಒಂದು ಮಸಿಯ ಚುಕ್ಕೆ ಹರಡಿತು.

ಜಗನ್ನಾಥರ ಮುಖದಲ್ಲಿ ಮೊದಲು ಬಣ್ಣ ಹೋಯಿತು, ಆಮೇಲೆ ಒಂದು ನಗು ಬಂತು. "ಏನಮ್ಮ, ನಿನಗೆ ಹೇಗೆ ಗೊತ್ತು ಇದೆಲ್ಲ?"

ಉತ್ತರ ಕೊಟ್ಟರೆ ಏನಾಗುತ್ತದೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಬೇಡ ತುಂಗಾ" ಎಂದ ಚನ್ನಕೇಶವ. 'ಅವರೇ' ಎಂಬುದು ಬಿಟ್ಟುಹೋಗಿತ್ತು. "ಹೇಳ್ಬೇಡಿ. ನನಗೆ ಗೊತ್ತಾಯ್ತಲ್ಲ, ಸಾಕು. ನಾನು ಸಹಿ ಹಾಕಲ್ಲ. ನೀವು ಹೋಗಿ."

"ನಿಮಗೊಬ್ರಿಗೆ ಗೊತ್ತಾದ್ರೆ ಸಾಲದು. ಸೋಮವಾರ ಬರೋರು ಕೇಳ್ತಾರೆ." ಈಗ ಅವಳು ಜಗನ್ನಾಥರನ್ನು ನೋಡಿದಳು. "ನಿನ್ನೆ ನಾಲ್ಕೂಕಾಲು. ಮದರಾಸ್ ಲೈನು, ಮೂರನೇ ಬೋರ್ಡು. ನಾನು ಕೇಳಿಸ್ಕೊಂಡೆ ಸಾರ್."

ಬಾಗಿಲಲ್ಲಿ ಸತ್ಯವತಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಒಳಗೆ ಬಂದು ಮೇಜಿನ ಮುಂದೆ ಅಂಗೈ ಚಾಚಿದರು.

"ಬೀರುವಿನ ಬೀಗದ ಕೈ ಕೊಡಿ ಸಾರ್. ಸೋಮವಾರದ ತನಕ ನನ್ನ ಹತ್ರ ಇರ್ಲಿ."

"ನೀವು ಯಾರ ಮುಂದೆ ಮಾತಾಡ್ತಿದೀರಿ ಗೊತ್ತಾ?"

"ಗೊತ್ತು. ಮೂವರ ಮುಂದೆ. ಹೊರಗೆ ಇನ್ನಿಬ್ರು ಕೇಳ್ತಿದಾರೆ."

ಬೀಗದ ಕೈ ಮೇಜಿನ ಮೇಲೆ ಬಿತ್ತು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸತ್ಯವತಿ ತುಂಗಾಳ ಕಡೆ ತಿರುಗಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಒಣಗಿತ್ತು. "ನೀನು ಬೋರ್ಡಿಗೆ ಹೋಗ್ಬೇಡ ಇನ್ನು. ರಿಪೋರ್ಟು ಬರೀತೀನಿ. ಬರೀಲೇಬೇಕು ಕಣೇ."

"ಬರೀರಿ ಸತ್ಯಕ್ಕ."

ಸೋಮವಾರ ಬೀರು ತೆರೆದರು. ಡ್ರಾಫ್ಟಿನ ಕೊನೆಯಲ್ಲಿ ಆ ಸಾಲು ಇತ್ತು, ಅದರ ಮೇಲೆ ಕೆಂಪು ಗೆರೆಯೂ ಇತ್ತು. ಜಗನ್ನಾಥರಿಗೆ ದೂರದ ಊರಿಗೆ ವರ್ಗವಾಯಿತು, ಅಷ್ಟೇ. ಚನ್ನಕೇಶವನ ಮೇಲಿನ ಆರೋಪ ಬಿತ್ತು. ಎಂಟು ದಿನಕ್ಕೆ ತುಂಗಾಳನ್ನು ಕೆಲಸದಿಂದ ತೆಗೆದ ಕಾಗದ ಬಂತು. ಕಾರಣದ ಜಾಗದಲ್ಲಿ ಒಂದೇ ಪದ, ಗೋಪ್ಯಭಂಗ. ಅಮ್ಮ ಎರಡು ದಿನ ಅವಳ ಜೊತೆ ಮಾತು ಬಿಟ್ಟರು.

ಶ್ರಾವಣದ ಮೊದಲ ವಾರ ಅವನು ಬಂದ. ಅಮ್ಮ ಒಳಗೆ ಕೆಮ್ಮುತ್ತಿದ್ದರು. ತುಂಗಾ ಜಗಲಿಯಲ್ಲಿ ಕೂತು ಪಕ್ಕದ ಮನೆಯವರು ಹೊಲಿಯಲು ಕೊಟ್ಟ ರವಿಕೆಗೆ ಗುಂಡಿ ಹಾಕುತ್ತಿದ್ದಳು. ಅವನು ಎರಡು ಮಾರು ದೂರದಲ್ಲಿ ನಿಂತ.

"ಜಂಬಣ್ಣನವ್ರ ಹತ್ರ ಹೋಗಿದ್ದೆ. ಯಾರ ತಪ್ಪು ಅಂತ ಹೇಳ್ದೆ. ಯಾರದಾದ್ರೇನಪ್ಪ ಅಂದ್ರು." ಕಾಲಿನ ಕೆಂಪು ಮಣ್ಣು ಉಜ್ಜುತ್ತ, "ಆದ್ರೂ ಆವತ್ತು ರಾತ್ರಿ ನಿದ್ದೆ ಬಂತು ನನಗೆ. ಅದು ನೀವು ಕೊಟ್ಟಿದ್ದು" ಎಂದ.

ಅವಳು ದಾರ ಕಚ್ಚಿ ತುಂಡು ಮಾಡಿದಳು. "ಮರದ ಕೆಳಗೆ ಅಷ್ಟು ಬೈದ್ರಲ್ಲ."

"ಬೈದೆ. ಇಡೀ ಊರಲ್ಲಿ ಬೈಯಬಾರದವ್ರಿಗೆ ಬೈದೆ. ಯಾವ ಬಾಯಲ್ಲಿ ಏನು ಕೇಳ್ಲಿ ಅಂತ ದಾರಿಯುದ್ದಕ್ಕೂ ಯೋಚಿಸ್ಕೊಂಡು ಬಂದೆ. ಏನೂ ಹೊಳೀಲಿಲ್ಲ."

"ನನ್ನ ಬಾಯಿ ಗಟ್ಟಿ ಅಂತ ಮೆಚ್ಚಿದ್ರಿ. ಈಗ ಅದೂ ಇಲ್ಲ."

"ಗೊತ್ತು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀವಿನ್ನು ಯಾರ ಮಾತಿಗೂ ಕಿವಿಗೊಡಬೇಕಾಗಿಲ್ಲ. ನನ್ನ ಮಾತಿಗೆ ಕೊಡ್ತೀರಾ? ಮೂರು ನಿಮಿಷಕ್ಕೆಲ್ಲ ಮುಗಿಯಲ್ಲ ಅದು."

ಅವಳು ಸೂಜಿಯನ್ನು ರವಿಕೆಗೆ ಚುಚ್ಚಿಟ್ಟಳು. ತಲೆ ಎತ್ತಿ, ಆ ದಿನಗಳಲ್ಲಿ ಒಮ್ಮೆಯೂ ನೋಡದಿದ್ದ ಹಾಗೆ ಅವನನ್ನು ನೇರವಾಗಿ, ಸಾಕೆನಿಸುವಷ್ಟು ಹೊತ್ತು ನೋಡಿದಳು. ಈ ಸಲ ಕಣ್ಣು ತಪ್ಪಿಸಿದವನು ಅವನು.

"ಒಳಗೆ ಬನ್ನಿ" ಎಂದಳು. "ಅಮ್ಮ ಬೈತಾರೆ. ಬೈಸ್ಕೊಳ್ಳಿ."

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಅಮ್ಮ ಬೈದರು, ಅತ್ತರು, ಆಮೇಲೆ ಕಾಫಿ ಕೊಡು ಎಂದರು. ಕಾರ್ತಿಕದಲ್ಲಿ ಮದುವೆಯಾಯಿತು. ಸತ್ಯವತಿಯವರನ್ನು ಕರೆದಿದ್ದರು, ಅವರು ಬರಲಿಲ್ಲ.

ಸತ್ಯವತಿಯವರಿಗೆ ಕೊಟ್ಟ ಮಾತನ್ನು ತುಂಗಾ ಮುರಿದಿದ್ದಳು.